ಕೀಬೋರ್ಡ್ ಹೋದರೆ ಹೋಗಲಿ, ಮದರ್‌ಬೋರ್ಡ್ ಉಳಿಯಲಿ

ಲ್ಯಾಪ್‌ಟಾಪಿನ ಮೇಲೆ ಟೀ ಚೆಲ್ಲಿದಾಗ ಬಹುಪಾಲು ಜನ ಮಾಡುವುದು ಎರಡೇ ಕೆಲಸ. ಕೈಗೆ ಸಿಕ್ಕ ಬಟ್ಟೆಯಿಂದ ಒರೆಸುತ್ತಾರೆ, ಆಮೇಲೆ ನಾಲ್ಕು ಕೀ ಒತ್ತಿ ನೋಡುತ್ತಾರೆ. ಅಕ್ಷರ ಮೂಡಿತೋ, ‘ಸದ್ಯ, ಏನೂ ಆಗಲಿಲ್ಲ’ ಎಂದು ಕೆಲಸ ಮುಂದುವರಿಸುತ್ತಾರೆ. ಆದರೆ ಅನೇಕ ಲ್ಯಾಪ್‌ಟಾಪುಗಳು ಕೆಡುವುದು ಆ ಗಳಿಗೆಯಲ್ಲಲ್ಲ. ಎರಡು ದಿನವೋ ಎರಡು ವಾರವೋ ಕಳೆದ ಮೇಲೆ. ಅಷ್ಟರಲ್ಲಿ ಟೀ ಚೆಲ್ಲಿದ್ದೇ ಮರೆತುಹೋಗಿರುತ್ತದೆ. ‘ಇದ್ದಕ್ಕಿದ್ದಂಗೆ ಆಫ್ ಆಗೋಯ್ತು’ ಎಂದು ರಿಪೇರಿಯವನ ಮುಂದೆ ಇಡುತ್ತಾರೆ. ಅವನು ತಳ ಬಿಚ್ಚಿದರೆ ಒಳಗೆ ಕಂದು ಕಲೆ, ಹಸಿರು ಪುಡಿ, ಒಮ್ಮೊಮ್ಮೆ ಸಕ್ಕರೆಯ ಜಾಡು ಹಿಡಿದು ಬಂದ ಇರುವೆಗಳು.

ಬೇಗೂರಿನಂಥ ಊರಿಗೆ ಈ ವಿಷಯ ಸ್ವಲ್ಪ ಹೆಚ್ಚೇ ಬೇಕು. ಗುಂಡ್ಲುಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರ ಇದು. ನಂಜನಗೂಡು ದಾಟಿ ಗುಂಡ್ಲುಪೇಟೆ ಸೇರುವ ಮೊದಲು ರಾಷ್ಟ್ರೀಯ ಹೆದ್ದಾರಿ 766ರ ಮೇಲೆ ಸಿಗುತ್ತದೆ. ಊಟಿಗೂ ವಯನಾಡಿಗೂ ಹೋಗುವ ಗಾಡಿಗಳ ದಾರಿ, ಟೀ ಅಂಗಡಿಗೆ ಬರವಿಲ್ಲ. ಪಹಣಿ, ಜಾತಿ ಪ್ರಮಾಣಪತ್ರ, ಬೆಳೆ ವಿಮೆ ಎಂದು ಅರ್ಜಿ ಹಾಕುವ ಮೇಜುಗಳು, ಆನ್‌ಲೈನ್ ಪಾಠ ಕೇಳುವ ಮಕ್ಕಳು, ಸರ್ಕಾರಿ ಪದವಿ ಕಾಲೇಜಿನಲ್ಲಿ ಸಿಕ್ಕ ಲ್ಯಾಪ್‌ಟಾಪನ್ನು ಇನ್ನೂ ಎಳೆಯುತ್ತಿರುವ ಅಣ್ಣಂದಿರು, ಎಲ್ಲರ ಪಕ್ಕದಲ್ಲೂ ಒಂದು ಟೀ ಲೋಟ ಇದ್ದೇ ಇರುತ್ತದೆ. ಮದರ್‌ಬೋರ್ಡ್ ಮಟ್ಟದ ರಿಪೇರಿಗೆ ಮಾತ್ರ ಬಸ್ಸು ಹತ್ತಬೇಕು, ಬಹುಮಟ್ಟಿಗೆ ಮೈಸೂರಿಗೇ. ಆದ್ದರಿಂದ ಅಂಗಡಿ ತಲುಪುವವರೆಗಿನ ಹೊತ್ತನ್ನು ನಾವೇ ಹೇಗೆ ನಿಭಾಯಿಸುತ್ತೇವೆ ಎಂಬುದರ ಮೇಲೆ ಮುಕ್ಕಾಲು ಪಾಲು ನಿಂತಿದೆ.

ಮೊದಲು ಕೀಬೋರ್ಡಿನ ಒಳಗೆ ಏನಿದೆ ನೋಡೋಣ. ಮೇಲೆ ಕಾಣುವ ಪ್ಲಾಸ್ಟಿಕ್ ಟೋಪಿಯ ಕೆಳಗೆ ಕತ್ತರಿಯ ಹಾಗೆ ಮಡಚುವ ಪುಟ್ಟ ಕ್ಲಿಪ್ಪು, ಅದರ ಕೆಳಗೆ ರಬ್ಬರಿನ ಗುಬ್ಬಿ. ಗುಬ್ಬಿಯ ಕೆಳಗಿರುವುದು ಮೂರು ಪದರದ ತೆಳು ಪ್ಲಾಸ್ಟಿಕ್ ಹಾಳೆ. ಮೇಲಿನ ಮತ್ತು ಕೆಳಗಿನ ಹಾಳೆಗಳ ಮೇಲೆ ಬೆಳ್ಳಿ ಮತ್ತು ಇಂಗಾಲ ಬೆರೆಸಿದ ಶಾಯಿಯಲ್ಲಿ ಗೆರೆಗಳನ್ನು ಮುದ್ರಿಸಿರುತ್ತಾರೆ. ನಡುವಿನ ಹಾಳೆಯಲ್ಲಿ ಪ್ರತಿ ಕೀಗೂ ಒಂದೊಂದು ತೂತು. ಕೀ ಒತ್ತಿದಾಗ ಮೇಲಿನ ಗೆರೆ ತೂತಿನ ಮೂಲಕ ಕೆಳಗಿನ ಗೆರೆಯನ್ನು ಮುಟ್ಟುತ್ತದೆ. ಇಷ್ಟೇ ಕೆಲಸ. ಎಂಬತ್ತು ನೂರು ಕೀಗಳಿದ್ದರೂ ಅಷ್ಟು ತಂತಿ ಇರುವುದಿಲ್ಲ. ಅಡ್ಡ ಸಾಲು, ಉದ್ದ ಸಾಲುಗಳ ಜಾಲ ಮಾಡಿ, ಯಾವ ಅಡ್ಡ ಗೆರೆ ಯಾವ ಉದ್ದ ಗೆರೆಯನ್ನು ಮುಟ್ಟಿತು ಎಂದು ಒಂದು ಚಿಪ್ಪು ಸೆಕೆಂಡಿಗೆ ಎಷ್ಟೋ ಸಲ ತಡಕಿ ನೋಡುತ್ತಿರುತ್ತದೆ. ಇದು ನೆನಪಿರಲಿ, ಮುಂದೆ ಕೆಟ್ಟ ಕೀಗಳನ್ನು ಓದುವಾಗ ಕೆಲಸಕ್ಕೆ ಬರುತ್ತದೆ.

ಆ ಹಾಳೆಗಳ ನಡುವೆ ದ್ರವ ಹೊಕ್ಕರೆ ಸುಲಭಕ್ಕೆ ಹೊರಬರುವುದಿಲ್ಲ. ಒದ್ದೆಯಾದ ಎರಡು ಗಾಜಿನ ಹಲ್ಲೆಗಳು ಒಂದಕ್ಕೊಂದು ಅಂಟಿಕೊಳ್ಳುವ ಹಾಗೆ ಅದು ಒಳಗೇ ಹಿಡಿದುಕೊಂಡು ದಿನಗಟ್ಟಲೆ ಕೂರುತ್ತದೆ. ಮೇಲೆ ಒರೆಸಿ ‘ಒಣಗಿತು’ ಅಂದುಕೊಂಡರೂ ಒಳಗೆ ಒದ್ದೆ ಒದ್ದೆಯೇ. ಆದರೂ ಕೀಬೋರ್ಡ್ ಕೆಡುವುದು ದೊಡ್ಡ ನಷ್ಟವಲ್ಲ. ಅದು ಬದಲಾಯಿಸಬಹುದಾದ ಬಿಡಿಭಾಗ. ಭಯ ಇರಬೇಕಾದದ್ದು ಅದರ ಕೆಳಗಿರುವ ಮದರ್‌ಬೋರ್ಡಿಗೆ. ಅದು ಹೋದರೆ ಹಳೆಯ ಲ್ಯಾಪ್‌ಟಾಪನ್ನು ರಿಪೇರಿ ಮಾಡಿಸುವುದಕ್ಕಿಂತ ಇನ್ನೊಂದು ಕೊಳ್ಳುವುದೇ ಲೇಸು ಅನ್ನಿಸುವಷ್ಟು ಖರ್ಚು. ಚೆಲ್ಲಿದ ಮೇಲೆ ಕೀಬೋರ್ಡನ್ನು ಉಳಿಸಲು ಒದ್ದಾಡಿ ಮದರ್‌ಬೋರ್ಡನ್ನು ಕಳೆದುಕೊಳ್ಳುವವರೇ ಹೆಚ್ಚು.

ಮದರ್‌ಬೋರ್ಡನ್ನು ಕೆಡಿಸುವುದು ಬರಿಯ ನೀರಲ್ಲ. ನೀರು ಮತ್ತು ಕರೆಂಟು ಒಟ್ಟಿಗೆ ಸೇರಿದರೆ ಕೆಡುತ್ತದೆ. ಶುದ್ಧ ನೀರಿನಲ್ಲಿ ವಿದ್ಯುತ್ ಹರಿಯುವುದು ತೀರಾ ಕಡಿಮೆ. ಅದರಲ್ಲಿ ಉಪ್ಪೋ ಖನಿಜವೋ ಆಮ್ಲವೋ ಇದ್ದಾಗ ಹರಿಯುತ್ತದೆ. ಬೋರ್‌ವೆಲ್ ನೀರು ಗಡಸು. ಸ್ಟೀಲ್ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ಅದೇ ಖನಿಜ ಮದರ್‌ಬೋರ್ಡಿನ ಮೇಲೂ ಉಳಿಯುತ್ತದೆ. ಹತ್ತಿರ ಹತ್ತಿರ ಇರುವ ಎರಡು ಲೋಹದ ಕಾಲುಗಳ ನಡುವೆ ಅಂಥ ನೀರು ನಿಂತು, ಒಂದರಲ್ಲಿ ಕರೆಂಟ್ ಇದ್ದರೆ, ತಾಮ್ರ ಕರಗಿ ಇನ್ನೊಂದರ ಕಡೆಗೆ ಹರಿಯತೊಡಗುತ್ತದೆ. ಹಸಿರು ಪುಡಿ ಬರುವುದು ಹಾಗೆ. ಕರೆಂಟ್ ಇಲ್ಲದಿದ್ದರೂ ತುಕ್ಕು ಹಿಡಿಯುತ್ತದೆ, ಆದರೆ ಬಹಳ ನಿಧಾನ. ಕರೆಂಟ್ ಇದ್ದರೆ ನಿಮಿಷಗಳಲ್ಲೇ ಶುರು. ಚಾರ್ಜರಿನಿಂದ ಬರುವ ಸುಮಾರು 19 ವೋಲ್ಟು, ಪರದೆಯ ಬೆಳಕಿಗೆ ಹೋಗುವ ಇನ್ನೂ ಹೆಚ್ಚಿನ ವೋಲ್ಟು, ಇವು ದ್ರವದ ದಾರಿ ಹಿಡಿದು 3 ವೋಲ್ಟಿನ ಚಿಪ್ಪಿನೊಳಗೆ ನುಗ್ಗಿದರಂತೂ ತುಕ್ಕಿಗೆ ಕಾಯುವ ಅಗತ್ಯವೇ ಇಲ್ಲ, ಅಲ್ಲೇ ಸುಟ್ಟಿತು.

ಹಾಗಾಗಿ ಚೆಲ್ಲಿದ ಕೂಡಲೆ ಬಟ್ಟೆ ಹುಡುಕಬೇಡಿ, ಕರೆಂಟ್ ಕತ್ತರಿಸಿ. ಚಾರ್ಜರ್ ಹಾಕಿದ್ದರೆ ಮೊದಲು ಗೋಡೆಯ ಸ್ವಿಚ್ ಆಫ್, ಆಮೇಲೆ ಪಿನ್ ಕೀಳಿ, ಕೈ ಒಣಗಿರಲಿ. ಪವರ್ ಬಟನ್ ಅನ್ನು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿದು ಯಂತ್ರ ಪೂರಾ ಆರುವಂತೆ ಮಾಡಿ. ಉಳಿಸದ ಫೈಲು ಹೋಗುತ್ತದೆ, ಹೋಗಲಿ. ಮುಚ್ಚಳ ಮುಚ್ಚಿದರೆ ಆಫ್ ಆಯಿತು ಎಂದು ಅನೇಕರು ನಂಬಿದ್ದಾರೆ. ಅದು ನಿದ್ದೆ ಮಾತ್ರ, ಒಳಗೆ ಕರೆಂಟ್ ಓಡುತ್ತಲೇ ಇರುತ್ತದೆ. ಮುಚ್ಚಿದರೆ ಇನ್ನೊಂದು ತೊಂದರೆ, ಕೀಬೋರ್ಡಿನ ಮೇಲಿನ ದ್ರವ ಪರದೆಯ ಅಂಚಿನಿಂದ ಒಳಗೆ ಇಳಿಯುತ್ತದೆ. ಬ್ಯಾಟರಿ ಹೊರಗಿನಿಂದ ತೆಗೆಯುವಂಥದ್ದಾದರೆ ತಕ್ಷಣ ತೆಗೆಯಿರಿ. ಈಚಿನ ಯಂತ್ರಗಳಲ್ಲಿ ಬ್ಯಾಟರಿ ಒಳಗಿರುತ್ತದೆ. ಆಫ್ ಮಾಡಿದ ಮೇಲೂ ಮದರ್‌ಬೋರ್ಡಿನ ಕೆಲವು ಭಾಗಗಳಿಗೆ ಅದು ಕರೆಂಟ್ ಕೊಡುತ್ತಲೇ ಇರುತ್ತದೆ, ಪವರ್ ಬಟನ್ ಒತ್ತಿದ್ದು ಗೊತ್ತಾಗಬೇಕಲ್ಲ. ಅಂದರೆ ‘ಆಫ್ ಮಾಡಿ ಎರಡು ದಿನ ಬಿಟ್ಟೆ’ ಎಂಬುದು ಅರ್ಧ ಕೆಲಸ; ತಳ ಬಿಚ್ಚಿ ಬ್ಯಾಟರಿಯ ಕನೆಕ್ಟರ್ ಕೀಳುವವರೆಗೂ ತುಕ್ಕು ನಿಂತಿಲ್ಲ.

ಆಮೇಲೆ ಮುಚ್ಚಳವನ್ನು ಆದಷ್ಟು ಅಗಲಿಸಿ, ಲ್ಯಾಪ್‌ಟಾಪನ್ನು ಬೋರಲು ಮಾಡಿ, ಗುಡಾರದಂತೆ ನಿಲ್ಲಿಸಿ. ಕೀಬೋರ್ಡ್ ಕೆಳಮುಖವಾಗಿರಬೇಕು, ಕೆಳಗೆ ಹತ್ತಿಯ ಟವೆಲ್. ಚೆಲ್ಲಿದ್ದು ಮದರ್‌ಬೋರ್ಡಿಗೆ ಇಳಿಯುವ ಬದಲು ಬಂದ ದಾರಿಯಲ್ಲೇ ಹಿಂದಿರುಗಲಿ ಎಂದು. ಅಲುಗಾಡಿಸಬೇಡಿ, ಒದರಬೇಡಿ, ಅದರಿಂದ ಒಂದು ಮೂಲೆಯಲ್ಲಿದ್ದ ದ್ರವ ಎಲ್ಲ ಕಡೆ ಹರಡುತ್ತದೆ. ಥಿಂಕ್‌ಪ್ಯಾಡಿನಂಥ ಕೆಲವು ಮಾದರಿಗಳಲ್ಲಿ ಮಾತ್ರ ಕೀಬೋರ್ಡಿನ ಅಡಿಯಲ್ಲಿ ತಟ್ಟೆಯಂತೆ ಮಾಡಿ, ಬಿದ್ದ ನೀರು ತಳದ ತೂತುಗಳಿಂದ ಹೊರಹೋಗುವ ಕಾಲುವೆ ಇಟ್ಟಿರುತ್ತಾರೆ. ಅಂಥ ಯಂತ್ರವಿದ್ದವರು ಪುಣ್ಯವಂತರು, ಆದರೆ ಕಾಲುವೆ ಇದೆಯೆಂದು ಆನ್ ಮಾಡಿಕೊಂಡೇ ಇರಬಾರದು.

ಬ್ಯಾಟರಿ ಉಬ್ಬಿದಂತೆ ಕಂಡರೆ, ಬಿಸಿಯಾಗುತ್ತಿದ್ದರೆ, ಏನೋ ಸಿಹಿ ಘಾಟು ಹೊಡೆದರೆ ಮುಂದಿನದನ್ನೆಲ್ಲ ಬಿಟ್ಟು ಯಂತ್ರವನ್ನು ಬಯಲಿನಲ್ಲಿ, ಸಿಮೆಂಟಿನ ಮೇಲೆ ಇಟ್ಟು ದೂರ ಸರಿಯಿರಿ. ಲಿಥಿಯಂ ಬ್ಯಾಟರಿಯ ಜೊತೆ ಸಾಹಸ ಬೇಡ.

ರಿಪೇರಿಯವರು ಕೇಳುವ ಮೊದಲ ಪ್ರಶ್ನೆ, ‘ಏನ್ ಚೆಲ್ತಣ್ಣ, ನೀರಾ ಟೀನಾ?’ ಅವಮಾನವಾಗುತ್ತದೆಂದು ‘ನೀರು’ ಎಂದು ಸುಳ್ಳು ಹೇಳುವವರಿದ್ದಾರೆ. ಹೇಳಬೇಡಿ, ಚಿಕಿತ್ಸೆ ಬೇರೆಯಾಗುತ್ತದೆ. ಕುಡಿಯುವ ನೀರು ಬಿದ್ದಿದ್ದರೆ ಒಣಗಿದ ಮೇಲೆ ಉಳಿಯುವುದು ಸ್ವಲ್ಪ ಖನಿಜ. ಸಕ್ಕರೆ ಹಾಲು ಹಾಕಿದ ಟೀ ಕಾಫಿಯಾದರೆ ನೀರಿನ ಅಂಶ ಆರಿಹೋಗಿ ಅಂಟು, ಕೊಬ್ಬು, ಹಾಲಿನ ಪ್ರೋಟೀನು ಉಳಿಯುತ್ತವೆ. ಆ ಅಂಟು ಗಾಳಿಯ ತೇವವನ್ನು ಹೀರಿಕೊಂಡು ಮತ್ತೆ ಮತ್ತೆ ಒದ್ದೆಯಾಗುತ್ತದೆ. ಕೋಲಾದಲ್ಲಿ ಸಕ್ಕರೆಯ ಜೊತೆ ಫಾಸ್ಫಾರಿಕ್ ಆಮ್ಲ. ಎಳನೀರು ಸಾಧು ಎಂದು ಕಾಣುತ್ತದೆ, ಆದರೆ ಅದರಲ್ಲಿ ಪೊಟ್ಯಾಸಿಯಂ ಲವಣ ತುಂಬಿದೆ, ವಿದ್ಯುತ್ತಿಗೆ ಒಳ್ಳೆಯ ದಾರಿ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಉಪ್ಪು ಹಾಕಿದ ಮಜ್ಜಿಗೆ: ಲವಣವೂ ಉಂಟು, ಹುಳಿಯೂ ಉಂಟು, ಕೊಬ್ಬೂ ಉಂಟು. ಬೇಸಿಗೆಯಲ್ಲಿ ಮೇಜಿಗೆ ಬರುವುದು ಅದೇ.

ಇಲ್ಲಿ ಜನರಿಗೆ ಒಪ್ಪಿಸಲು ಕಷ್ಟವಾದ ಮಾತೊಂದಿದೆ. ನೀರಲ್ಲದ ಏನೇ ಬಿದ್ದರೂ ಬರೀ ಒಣಗಿಸುವುದು ಚಿಕಿತ್ಸೆಯಲ್ಲ, ತೊಳೆಯಬೇಕು. ಒಣಗಿಸಿದರೆ ಸಕ್ಕರೆ ಮತ್ತು ಲವಣ ಅಲ್ಲೇ ಗಟ್ಟಿಯಾಗುತ್ತವೆ. ಆಷಾಢದ ತೇವಕ್ಕೆ ಅವು ಮತ್ತೆ ಕರಗಿ ಕೆಲಸ ಶುರುಮಾಡುತ್ತವೆ. ಮದರ್‌ಬೋರ್ಡಿನ ಕಲೆಯನ್ನು ರಿಪೇರಿಯವರು ಮೆತ್ತನೆಯ ಬ್ರಷ್ಷಿನಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜುತ್ತಾರೆ, ಅಂಗಡಿ ಭಾಷೆಯಲ್ಲಿ ಐಪಿಎ. ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ 99 ಶೇಕಡದ್ದು ಬೇಕು. ಆದರೆ ಆಲ್ಕೋಹಾಲಿಗೆ ಸಕ್ಕರೆ ಸರಿಯಾಗಿ ಕರಗುವುದಿಲ್ಲ. ಆದ್ದರಿಂದ ಮೊದಲು ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿದ ಬ್ರಷ್ಷಿನಿಂದ ಸಕ್ಕರೆ ಕರಗಿಸಿ ತೆಗೆದು, ಆಮೇಲೆ ಐಪಿಎಯಿಂದ ಆ ನೀರನ್ನು ಓಡಿಸುವುದು ಸರಿಯಾದ ಕ್ರಮ. ಡಿಸ್ಟಿಲ್ಡ್ ವಾಟರಿಗೆ ಮೈಸೂರಿಗೆ ಹೋಗಬೇಕಿಲ್ಲ. ಯುಪಿಎಸ್, ಟ್ರ್ಯಾಕ್ಟರ್ ಬ್ಯಾಟರಿಗೆ ಹಾಕುವ ‘ಬ್ಯಾಟರಿ ನೀರು’ ಎಂದು ಆಟೊಮೊಬೈಲ್ ಅಂಗಡಿಯಲ್ಲಿ ಸಿಗುವುದು ಅದೇ. ಕೊಳ್ಳುವಾಗ ಚೀಟಿ ಓದಿ. ಪಕ್ಕದಲ್ಲೇ ಬ್ಯಾಟರಿ ಆಸಿಡ್ಡಿನ ಕ್ಯಾನೂ ಇರುತ್ತದೆ.

ಮೆಡಿಕಲ್ ಸ್ಟೋರಿನ ಸ್ಪಿರಿಟ್ಟು ಐಪಿಎಗೆ ಬದಲಿಯಲ್ಲ, ಅದರಲ್ಲಿ ನೀರೂ ಬೇರೆ ಬೆರಕೆಯೂ ಇರಬಹುದು. ಕೈಗೆ ಹಚ್ಚುವ ಸ್ಯಾನಿಟೈಸರ್ ಅಂತೂ ಬೇಡವೇ ಬೇಡ, ಅದರ ಗ್ಲಿಸರಿನ್ ಇನ್ನೊಂದು ಅಂಟಾಗಿ ಉಳಿಯುತ್ತದೆ. ಐಪಿಎ ಬಳಸುವಾಗ ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರ ಇರದಿರಲಿ.

ಅಕ್ಕಿ ಡಬ್ಬದ ವಿಚಾರ ಎಲ್ಲ ಮನೆಯಲ್ಲೂ ಬರುತ್ತದೆ. ಅಕ್ಕಿ ತನ್ನ ಸುತ್ತಲಿನ ತೇವವನ್ನು ಅಷ್ಟಿಷ್ಟು ಹೀರಬಹುದು, ಲ್ಯಾಪ್‌ಟಾಪಿನ ಹಾಳೆಗಳ ನಡುವೆ ಸಿಕ್ಕ ಟೀಯನ್ನು ಎಳೆದು ತೆಗೆಯುವ ಶಕ್ತಿ ಅದಕ್ಕಿಲ್ಲ. ನುಚ್ಚು, ಹಿಟ್ಟಿನ ಧೂಳು ಮಾತ್ರ ಪೋರ್ಟುಗಳೊಳಗೆ ಹೋಗುತ್ತದೆ. ಒದ್ದೆಯಾದ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ ಎಂದು ಆಪಲ್ ಕಂಪನಿಯೇ 2024ರಲ್ಲಿ ತನ್ನ ಗ್ರಾಹಕರಿಗೆ ತಿಳಿಸಿತು. ಹೇರ್ ಡ್ರೈಯರಿನ ಬಿಸಿಗಾಳಿ ಕೀಗಳ ಪ್ಲಾಸ್ಟಿಕ್ಕನ್ನು ಬಾಗಿಸುತ್ತದೆ, ದ್ರವವನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ತಾರಸಿಯ ಮೇಲೆ ಬಿಸಿಲಿಗೆ ಇಡುವುದೂ ಬೇಡ. ಅರಿಸಿನ ಒಣಗುವ ಬಿಸಿಲು ಬ್ಯಾಟರಿಗೂ ಪರದೆಗೂ ಆಗದು. ನೆರಳು, ಫ್ಯಾನಿನ ತಣ್ಣನೆ ಗಾಳಿ, ತಾಳ್ಮೆ, ಇಷ್ಟು ಸಾಕು. ಬಿಚ್ಚಿಟ್ಟ ಯಂತ್ರಕ್ಕೆ ಒಂದು ದಿನ, ಬಿಚ್ಚದೆ ಇದ್ದರೆ ಎರಡು ಮೂರು ದಿನ, ಮಳೆಗಾಲದಲ್ಲಿ ಇನ್ನೂ ಹೆಚ್ಚು.

ತಳ ಬಿಚ್ಚುವ ಕೆಲಸವನ್ನು ಕೈಚಳಕ ಇರುವವರು ಮನೆಯಲ್ಲೇ ಮಾಡಬಹುದು. ಸಣ್ಣ ಸ್ಟಾರ್ ಸ್ಕ್ರೂ ಡ್ರೈವರ್, ಅಂಚು ಬಿಡಿಸಲು ಹಳೆಯ ಎಟಿಎಂ ಕಾರ್ಡು. ಸ್ಕ್ರೂಗಳು ಒಂದೊಂದು ಒಂದೊಂದು ಉದ್ದ. ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬರೆದು, ಎಲ್ಲಿನದನ್ನು ಅಲ್ಲೇ ಇಡಿ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿದರೆ ಮದರ್‌ಬೋರ್ಡಿಗೇ ತೂತು. ಮೊದಲು ಬ್ಯಾಟರಿ ಕನೆಕ್ಟರ್, ಆಮೇಲೆ ಮಿಕ್ಕದ್ದು. ಕೀಬೋರ್ಡಿನ ತೆಳು ಪಟ್ಟಿ ಕೇಬಲ್ಲನ್ನು ಎಳೆಯಬಾರದು, ಅದನ್ನು ಹಿಡಿದಿರುವ ಪುಟ್ಟ ಪ್ಲಾಸ್ಟಿಕ್ ಬಾಗಿಲನ್ನು ಉಗುರಿನಿಂದ ಎತ್ತಿ ಬಿಡಿಸಬೇಕು. ಅಭ್ಯಾಸವಿಲ್ಲದವರು ಬಿಚ್ಚದೇ ಇರುವುದೇ ಮೇಲು. ಕೀಬೋರ್ಡಿಗೂ ಪರದೆಗೂ ನಡುವೆ ಒಣಬಟ್ಟೆ ಇಟ್ಟು, ಕೀಬೋರ್ಡ್ ಕೆಳಮುಖವಾಗಿರುವಂತೆ ತೊಡೆಯ ಮೇಲೆ ಹಿಡಿದು ಬಸ್ಸು ಹತ್ತಿ. ದಾರಿಯಲ್ಲಿ ‘ಈಗ ಹೇಗಿದೆ’ ಎಂದು ಆನ್ ಮಾಡಿ ನೋಡುವ ಚಪಲ ಮಾತ್ರ ಬೇಡ.

ತೊಳೆದು ಒಣಗಿಸಿ ಆನ್ ಮಾಡಿದಿರಿ, ಯಂತ್ರ ಬಂತು, ಕೀಬೋರ್ಡ್ ಮಾತ್ರ ಹಟ ಮಾಡುತ್ತಿದೆ. ಕೆಟ್ಟ ಕೀಗಳನ್ನು ಹಾಳೆಯಲ್ಲಿ ಬರೆದುಕೊಳ್ಳಿ. ಒಂದೇ ಕೀ ಅಂಟಂಟಾಗಿ ಏಳುತ್ತಿದ್ದರೆ ಟೋಪಿಯ ಕೆಳಗೆ ಸಕ್ಕರೆ ಇದೆ; ಟೋಪಿಯನ್ನು ನಾಜೂಕಾಗಿ ಎತ್ತಿ ಕ್ಲಿಪ್ಪನ್ನು ಒರೆಸಿದರೆ ಸರಿಹೋಗಬಹುದು. ಸ್ಪೇಸ್, ಎಂಟರ್, ಶಿಫ್ಟ್ ಕೀಗಳ ಕೆಳಗೆ ತಂತಿ ಇರುವುದರಿಂದ ಅವುಗಳ ತಂಟೆಗೆ ಹೋಗದಿರುವುದು ಜಾಣತನ. ಅಲ್ಲೊಂದು ಇಲ್ಲೊಂದು ಎಂಬಂತೆ ಹಲವು ಕೀಗಳು ಒಟ್ಟಿಗೆ ಸತ್ತಿದ್ದರೆ, ಅವೆಲ್ಲ ಜಾಲದ ಒಂದೇ ಗೆರೆಯ ಮೇಲಿನವು, ಆ ಗೆರೆ ತುಕ್ಕು ತಿಂದು ಕಡಿದಿದೆ ಎಂದರ್ಥ. ಟೋಪಿ ಕೀಳುವುದರಿಂದ ಅದು ಸರಿಯಾಗದು. ಮುಟ್ಟದೆಯೇ ಅಕ್ಷರಗಳು ತಾವೇ ಬೀಳುತ್ತಿದ್ದರೆ ಎರಡು ಗೆರೆಗಳ ನಡುವೆ ಇನ್ನೂ ದ್ರವ ಇದೆ. ಆಫ್ ಮಾಡಿ, ಇನ್ನಷ್ಟು ಒಣಗಲಿ. ಒಣಗಿದ ಮೇಲೂ ಬೀಳುತ್ತಿದ್ದರೆ ಆ ಕೀಬೋರ್ಡಿನ ಆಯುಸ್ಸು ಮುಗಿಯಿತು. ಲ್ಯಾಪ್‌ಟಾಪ್ ಕೀಬೋರ್ಡನ್ನು ತೊಳೆದು ಬದುಕಿಸಿದವರಿದ್ದಾರೆ, ಆದರೆ ಸಿಹಿ ಟೀ ಬಿದ್ದದ್ದು ತಿಂಗಳುಗಟ್ಟಲೆ ನೆಟ್ಟಗೆ ನಡೆಯುತ್ತದೆಂದು ನಾನು ಭರವಸೆ ಕೊಡಲಾರೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಎಲ್ಲ ಕೀಗಳ ಬೆಲೆ ಒಂದೇ ಅಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ‘ನುಡಿ’ ತಂತ್ರಾಂಶದ ಕೀಲಿಮಣೆಯಲ್ಲಿ ಒತ್ತಕ್ಷರ ಕೂಡಿಸುವುದು ಎಫ್ ಕೀ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಅದೇ ಕೆಲಸ ಡಿ ಕೀಯದು. ಆ ಒಂದು ಕೀ ಸತ್ತರೆ ‘ಅಪ್ಪ’, ‘ಅಮ್ಮ’ ಕೂಡ ಬರೆಯಲಾಗದು. ಎರಡೂ ಶಿಫ್ಟ್ ಹೋದರೆ ಮಹಾಪ್ರಾಣಗಳು ಹೋದವು. ತಾತ್ಕಾಲಿಕಕ್ಕೆ ಒಂದು ವಿನ್ಯಾಸದಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರೆ ಒಂದು ಕೀಯ ಕೊರತೆ ಕೆಲವೊಮ್ಮೆ ತೀರುತ್ತದೆ, ಬೆರಳಿಗೆ ಮಾತ್ರ ಗೊಂದಲ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಪವರ್‌ಟಾಯ್ಸ್ ಎಂಬ ತಂತ್ರಾಂಶದಲ್ಲಿ ಸತ್ತ ಕೀಯ ಕೆಲಸವನ್ನು ಬಳಕೆಯಿಲ್ಲದ ಇನ್ನೊಂದು ಕೀಗೆ ಒಪ್ಪಿಸಬಹುದು. ಆದರೆ ಅದು ಲಾಗಿನ್ ಆದ ಮೇಲಷ್ಟೇ ಕೆಲಸ ಮಾಡುತ್ತದೆ. ಪಾಸ್‌ವರ್ಡ್ ಹಾಕುವಲ್ಲೇ ಸಿಕ್ಕಿಕೊಂಡರೆ ಲಾಗಿನ್ ಪರದೆಯ ಬಲ ಮೂಲೆಯ ಗುರುತನ್ನು ಒತ್ತಿ ಪರದೆಯ ಮೇಲಿನ ಕೀಬೋರ್ಡ್ ತೆರೆಯಬಹುದು, ಮೌಸಿನಿಂದ ಅಕ್ಷರ ಆರಿಸಬಹುದು.

ಇದೆಲ್ಲಕ್ಕಿಂತ ಸರಳ ಉಪಾಯ ಯುಎಸ್‌ಬಿ ಕೀಬೋರ್ಡು. ಐನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಅರ್ಜಿ ಹಾಕುವ ಮೇಜಿನ ಮೇಲೆ ಕೂತೇ ಇರುವ ಲ್ಯಾಪ್‌ಟಾಪಾದರೆ ಒಳಗಿನದನ್ನು ಬದಲಾಯಿಸುವ ಗೋಜಿಗೇ ಹೋಗದೆ ಇದರಲ್ಲೇ ವರ್ಷಗಟ್ಟಲೆ ಕಾಲ ತಳ್ಳಬಹುದು. ಒಳಗಿನ ಕೀಬೋರ್ಡ್ ತಾನೇ ಅಕ್ಷರ ಉದುರಿಸುತ್ತಿದ್ದರೆ ಅದರ ಪಟ್ಟಿ ಕೇಬಲ್ ಬಿಡಿಸಿಬಿಡಬೇಕು. ಬಿಡಿಸುವ ಮೊದಲು ಪವರ್ ಬಟನ್ ಎಲ್ಲಿದೆ ನೋಡಿ; ಅದು ಕೀಬೋರ್ಡಿನಲ್ಲೇ ಸೇರಿರುವ ಮಾದರಿಗಳಲ್ಲಿ ಕೇಬಲ್ ತೆಗೆದ ಮೇಲೆ ಯಂತ್ರ ಆನ್ ಮಾಡಲು ದಾರಿಯೇ ಇರುವುದಿಲ್ಲ.

ಬದಲಾಯಿಸುವುದೇ ಆದರೆ ಬೆಲೆ ಎರಡು ಬಗೆ. ಹಳೆಯ ಮಾದರಿಗಳಲ್ಲಿ ಕೀಬೋರ್ಡ್ ನಾಲ್ಕಾರು ಸ್ಕ್ರೂಗಳ ಮೇಲೆ ನಿಂತಿರುತ್ತದೆ, ಅರ್ಧ ಗಂಟೆಯ ಕೆಲಸ. ಹೊಸ ತೆಳು ಮಾದರಿಗಳಲ್ಲಿ ಅದನ್ನು ಮೇಲಿನ ಕವಚಕ್ಕೆ ಹತ್ತಾರು ಪ್ಲಾಸ್ಟಿಕ್ ಗುಬುಟುಗಳನ್ನು ಕರಗಿಸಿ ಅಂಟಿಸಿರುತ್ತಾರೆ. ಅಂಥದ್ದರಲ್ಲಿ ಗುಬುಟುಗಳನ್ನು ಕಿತ್ತು ಮತ್ತೆ ಕರಗಿಸಿ ಕೂರಿಸಬೇಕು, ಇಲ್ಲವೇ ಕವಚದ ಸಮೇತ ಕೊಳ್ಳಬೇಕು. ‘ಬರೀ ಕೀಬೋರ್ಡಿಗೆ ಇಷ್ಟೊಂದಾ’ ಎಂದು ಜಗಳವಾಡುವ ಮೊದಲು ನಿಮ್ಮದು ಯಾವ ಬಗೆ ಎಂದು ಕೇಳಿಕೊಳ್ಳಿ. ಬಿಡಿಭಾಗ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬರಬೇಕಾದರೆ ಲ್ಯಾಪ್‌ಟಾಪಿನ ಹೆಸರು ಸಾಲದು, ಹಳೆಯ ಕೀಬೋರ್ಡಿನ ಹಿಂಬದಿ ಚೀಟಿಯ ಪಾರ್ಟ್ ನಂಬರನ್ನು ಫೋಟೋ ತೆಗೆದು ಕಳಿಸಿ. ಒಂದೇ ಹೆಸರಿನ ಮಾದರಿಯಲ್ಲಿ ದೀಪ ಇರುವುದು, ಇಲ್ಲದ್ದು, ನಂಬರ್ ಪ್ಯಾಡ್ ಇರುವುದು, ಇಲ್ಲದ್ದು ಎಂದು ಬೇರೆ ಬೇರೆ ಇರುತ್ತವೆ. ಕಂಪನಿಯ ಸಾಮಾನ್ಯ ವಾರಂಟಿ ದ್ರವ ಚೆಲ್ಲಿದ್ದಕ್ಕೆ ಸಲ್ಲುವುದಿಲ್ಲ. ಕೊಳ್ಳುವಾಗ ಪ್ರತ್ಯೇಕ ಹಣ ಕೊಟ್ಟು ಆಕಸ್ಮಿಕ ಹಾನಿಯ ರಕ್ಷಣೆ ಮಾಡಿಸಿದ್ದರೆ ಮಾತ್ರ ಉಂಟು. ಅಂಥವರು ಮನೆಯಲ್ಲಿ ಬಿಚ್ಚದೆ ನೇರ ಸರ್ವಿಸ್ ಸೆಂಟರಿಗೆ ಹೋಗುವುದು ಒಳಿತು.

ಮದರ್‌ಬೋರ್ಡ್ ಹೋದರೂ ಫೈಲುಗಳು ಹೋದವು ಎಂದು ಅಳಬೇಕಿಲ್ಲ. ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕ್ ಬೇರೆ ಭಾಗವಾಗಿದ್ದರೆ ಬಹುತೇಕ ಬದುಕಿರುತ್ತದೆ. ಅದನ್ನು ಯುಎಸ್‌ಬಿ ಡಬ್ಬಿಗೆ ಹಾಕಿ ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ ಎಲ್ಲ ತೆಗೆಯಬಹುದು. ಮದರ್‌ಬೋರ್ಡಿಗೇ ಬೆಸೆದಿರುವ ಮಾದರಿಗಳಲ್ಲಿ ಇದು ಆಗದು. ವಿಂಡೋಸ್ 11ರಲ್ಲಿ ಡಿಸ್ಕು ತಾನಾಗಿಯೇ ಬೀಗ ಹಾಕಿಕೊಂಡಿರುವ ಸಂಭವವಿದೆ. ಆಗ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಲ್ಯಾಪ್‌ಟಾಪನ್ನು ಮೊದಲ ದಿನ ಅಂಗಡಿಯವರೇ ಯಾವುದೋ ಇಮೇಲ್ ಹಾಕಿ ಚಾಲೂ ಮಾಡಿಕೊಟ್ಟಿದ್ದರೆ, ಆ ಖಾತೆ ಯಾವುದೆಂದು ಇವತ್ತೇ ಪತ್ತೆಹಚ್ಚಿಡಿ.

ಹೊಸ ಕೀಬೋರ್ಡ್ ಹಾಕಿಸಿದ ಮೇಲೆ ದುಡ್ಡು ಎಣಿಸುವ ಮುಂಚೆ ಅಂಗಡಿಯಲ್ಲೇ ನೋಟ್‌ಪ್ಯಾಡ್ ತೆರೆದು ಪ್ರತಿಯೊಂದು ಕೀಯನ್ನೂ ಒತ್ತಿ ನೋಡಿ, ಎರಡೂ ಶಿಫ್ಟ್ ಬೇರೆ ಬೇರೆಯಾಗಿ. ಕನ್ನಡ ಆನ್ ಮಾಡಿ ಖ, ಘ, ಜ್ಞ, ಕ್ಷ ಬರುತ್ತವೆಯೇ ನೋಡಿ. ಕಿತ್ತ ಹಳೆಯ ಕೀಬೋರ್ಡನ್ನು ಕೇಳಿ ತನ್ನಿ, ಒಂದು ಟೋಪಿಯೋ ಕ್ಲಿಪ್ಪೋ ಮುರಿದಾಗ ಅದರಿಂದಲೇ ತೆಗೆದು ಹಾಕಬಹುದು. ಮದರ್‌ಬೋರ್ಡನ್ನು ತೊಳೆದಿರಾ ಎಂದೂ ಕೇಳಿ. ‘ಕೀಬೋರ್ಡ್ ಹಾಕಿದೀನಲ್ಲ, ಇನ್ನೇನು’ ಎಂದರೆ, ತಳ ಮತ್ತೊಮ್ಮೆ ಬಿಚ್ಚಿ ತೋರಿಸಿ ಅನ್ನಿ.